ಪಥ್ಯದ ಅರ್ಥವೂ ಪಥ್ಯಾಹಾರತಜ್ಞರ ಸ್ಥಾನವೂ: ಒಂದು ಚಾರಿತ್ರಿಕ ವಿವೇಚನೆ

೧

ವೈದ್ಯಶಾಸ್ತ್ರವನ್ನೂ ಶುಶ್ರೂಷಾಶಾಸ್ತ್ರವನ್ನೂ ಇಂದು ಅಭ್ಯಾಸಮಾಡುತ್ತಿರುವ ತರುಣ ತರುಣಿಯರು ನಾಳೆ ಆಸ್ಪತ್ರೆಯ ವಾರ್ಡುಗಳಲ್ಲಿ ಯಾರೊಡನೆ ಕೂಡಿ ಕೆಲಸಮಾಡಬೇಕಾಗಿದೆಯೋ ಅವರಲ್ಲಿ ಡಯಟಿಷಿಯನ್ ಎಂದು ಕರೆಯಲ್ಪಡುವ ಪಥ್ಯಾಹಾರತಜ್ಞರೂ ಸೇರಿದ್ದಾರೆ. ಇವರ ಕೆಲಸವೇನು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಣೆ ಮಾಡುವವರು ಎಂಬುದು ಒಂದು. ಸಕ್ಕರೆ ಬೇಡ, ಉಪ್ಪು ಬೇಡ, ಎಣ್ಣೆ ಬೇಡ ಎಂದು ಪಟ್ಟಿ ಬರೆದುಕೊಡುವವರು ಎಂಬುದು ಇನ್ನೊಂದು. ಈ ಎರಡು ಉತ್ತರಗಳೂ ನಿರಾಧಾರವಾದುವಲ್ಲ. ಅವು ಈ ವೃತ್ತಿಯ ಚರಿತ್ರೆಯಲ್ಲಿ ಎಂದೋ ಕಳೆದುಹೋದ ಎರಡು ಘಟ್ಟಗಳ ನೆನಪುಗಳು. ವೃತ್ತಿಯು ಮುಂದೆ ನಡೆದಿದೆ; ಅದರ ವಿಷಯದಲ್ಲಿ ಜೊತೆಯವರ ತಿಳಿವಳಿಕೆ ಹಿಂದೆಯೇ ನಿಂತಿದೆ.

ಇದು ಹೇಗಾಯಿತೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಒಂದು ವೃತ್ತಿಗೆ ಸಲ್ಲಬೇಕಾದ ಗೌರವ ಸಂದಿತೆ ಇಲ್ಲವೆ ಎಂಬ ಪ್ರಶ್ನೆ ನಮಗಿಲ್ಲಿ ಮುಖ್ಯವಲ್ಲ. ಯಾರನ್ನು ಯಾವಾಗ ಕೇಳಬೇಕೆಂಬುದು ವೈದ್ಯನಿಗೆ ತಿಳಿಯದಿದ್ದಾಗ ಅದರ ನಷ್ಟವನ್ನು ಅನುಭವಿಸುವವನು ಹಾಸಿಗೆಯಲ್ಲಿ ಮಲಗಿರುವ ರೋಗಿ. ಆದುದರಿಂದ ಈ ವಿಚಾರವು ಪ್ರಾಣಕ್ಕೆ ಸಂಬಂಧಿಸಿದುದೆಂಬುದನ್ನು ನಾವು ಮೊದಲೇ ಗಮನದಲ್ಲಿಡಬೇಕು.

೨

ನಮ್ಮ ದೇಶದ ಪ್ರಾಚೀನ ವೈದ್ಯದಲ್ಲಿ ಆಹಾರವು ಚಿಕಿತ್ಸೆಯಿಂದ ಬೇರೆಯಾಗಿರಲಿಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಉಪಚಾರಕ, ರೋಗಿ. ಅದರ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಚಿಕಿತ್ಸಾಗೃಹವೊಂದನ್ನು ಸಜ್ಜುಗೊಳಿಸುವ ಬಗೆ ವರ್ಣಿತವಾಗಿದೆ. ಅಲ್ಲಿರಬೇಕಾದ ಪರಿಚಾರಕರನ್ನು ಎಣಿಸುವಾಗ ಮೀಯಿಸುವವರು, ಅಂಗಮರ್ದನ ಮಾಡುವವರು, ರೋಗಿಯನ್ನು ಎತ್ತಿ ಕೂರಿಸುವವರು, ಔಷಧವನ್ನು ಅರೆಯುವವರು ಇವರೊಡನೆ ಅನ್ನವನ್ನೂ ತೊವ್ವೆಯನ್ನೂ ಬೇಯಿಸಬಲ್ಲವರನ್ನೂ ಗ್ರಂಥಕಾರನು ಮರೆಯದೆ ಸೇರಿಸಿದ್ದಾನೆ. ಅಡುಗೆಯವನು ಅಲ್ಲಿ ಚಿಕಿತ್ಸಾಗೃಹದ ಹೊರಗಿನವನಲ್ಲ. ಚಿಕಿತ್ಸೆಯ ಒಂದು ಅಂಗ.

ಇದಕ್ಕಿಂತಲೂ ಗಮನಾರ್ಹವಾದುದು ಸಂಸರ್ಜನಕ್ರಮವೆಂಬ ವಿಧಿ. ವಮನ ವಿರೇಚನಗಳಿಂದ ಶೋಧನ ಪಡೆದ ರೋಗಿಯ ಜಠರಾಗ್ನಿ ಮಂದವಾಗಿರುವುದರಿಂದ ಅವನಿಗೆ ಒಮ್ಮೆಲೇ ಪೂರ್ಣಾಹಾರವನ್ನು ಕೊಡಬಾರದು. ಮೊದಲು ತಿಳಿಗಂಜಿಯಾದ ಪೇಯೆ, ಅನಂತರ ಗಟ್ಟಿಗಂಜಿಯಾದ ವಿಲೇಪಿ, ಆಮೇಲೆ ಬೇಳೆಕಾಳುಗಳ ಯೂಷ, ಕೊನೆಗೆ ಮಾಂಸರಸ ಹೀಗೆ ಹಂತಹಂತವಾಗಿ ಏರಿಸಬೇಕೆಂದೂ, ಶುದ್ಧಿಯ ತರತಮಕ್ಕನುಗುಣವಾಗಿ ಒಂದೊಂದು ಹಂತವನ್ನು ಮೂರು, ಎರಡು ಅಥವಾ ಒಂದು ಹೊತ್ತಿನ ಊಟದವರೆಗೆ ನಡೆಸಬೇಕೆಂದೂ ವಿಧಿಸಲಾಗಿದೆ. ಬರಿದಾದ ದೇಹಕ್ಕೆ ಆಹಾರವೂ ಅಳತೆಯಿಂದ ಕೊಡಬೇಕಾದ ಔಷಧವೇ ಎಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ.

ಪಥ್ಯವೆಂಬ ಶಬ್ದಕ್ಕೆ ಚರಕಸಂಹಿತೆ ಕೊಡುವ ಅರ್ಥವನ್ನೂ ನಾವು ಇಲ್ಲಿ ನೆನೆಯಬೇಕು. ದೇಹದ ಮಾರ್ಗಗಳಿಗೆ ಹೊಂದಿಕೊಂಡಿರುವುದು, ಮನಸ್ಸಿಗೂ ಪ್ರಿಯವಾಗಿರುವುದು, ಎಂಬ ಎರಡು ಲಕ್ಷಣಗಳನ್ನು ಅದು ಹೇಳುತ್ತದೆ. ಆದರೆ ಇಂದಿನ ಕನ್ನಡದ ಬಳಕೆಯಲ್ಲಿ ಈ ಮಾತು ಬಹಳ ಸಂಕುಚಿತವಾಗಿದೆ. ‘ಏನು ಪಥ್ಯ?’ ಎಂದು ರೋಗಿಯ ಮನೆಯವರು ಕೇಳಿದರೆ ಏನನ್ನು ತಿನ್ನಬಾರದೆಂಬುದೇ ಪ್ರಶ್ನೆಯ ತಾತ್ಪರ್ಯ. ಪಥ್ಯದ ಊಟವೆಂದರೆ ಸಪ್ಪೆಯ ಊಟ. ಹಿತವಾದುದನ್ನು ಉಣಿಸುವ ವಿಧಿಯಾಗಿದ್ದುದು ಬೇಡವಾದುದನ್ನು ತಡೆಯುವ ನಿಷೇಧವಾಗಿ ಮಾರ್ಪಟ್ಟಿತು. ಪಥ್ಯಾಹಾರತಜ್ಞರನ್ನು ನಿಷೇಧಗಳ ಪಟ್ಟಿ ಬರೆಯುವವರೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದಕ್ಕೆ ಅವರು ಮನೆಯಲ್ಲಿ ಕೇಳಿ ಬೆಳೆದ ಈ ಮಾತಿನ ಅರ್ಥವೂ ಒಂದು ಕಾರಣವಾಗಿರಬಹುದೆಂದು ನಮಗೆ ತೋರುತ್ತದೆ.

ಕನ್ನಡದಲ್ಲಿ ಆಹಾರದ ಶಾಸ್ತ್ರೀಯ ವಿಚಾರಕ್ಕೆ ಕೊರತೆಯಿರಲಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಯ ವಿಚಾರವೂ ವೈದ್ಯದ ವಿಚಾರವೂ ಒಂದೇ ಗ್ರಂಥದೊಳಗೆ ಸ್ಥಾನ ಪಡೆದಿವೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ಸೂಪಶಾಸ್ತ್ರವೆಂದು ಪಾಕವಿದ್ಯೆಗೇ ಒಂದು ಪ್ರತ್ಯೇಕ ಗ್ರಂಥವನ್ನು ರಚಿಸಿದನು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯು ಈ ಅರಿವು ಗ್ರಂಥಗಳ ಆಚೆಗೂ ಹರಡಿದ್ದಿತೆಂಬುದಕ್ಕೆ ಸಾಕ್ಷಿ. ಆದರೆ ಈ ಸಂಪ್ರದಾಯದಲ್ಲಿ ಪಥ್ಯವನ್ನು ನಿರ್ಣಯಿಸುವವನು ವೈದ್ಯನೇ. ಬೇಯಿಸುವವನು ಅದನ್ನು ನಡೆಸುವವನು. ಅದಕ್ಕಾಗಿಯೇ ಪ್ರತ್ಯೇಕವಾಗಿ ಶಿಕ್ಷಣ ಪಡೆದ ಮೂರನೆಯ ವ್ಯಕ್ತಿಯ ಅಗತ್ಯ ಆಗ ಕಂಡುಬಂದಿರಲಿಲ್ಲ.

೩

ಆ ಮೂರನೆಯ ವ್ಯಕ್ತಿ ಹುಟ್ಟಿದುದು ಪಾಶ್ಚಾತ್ಯ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರು ಕಂಡ ಅವ್ಯವಸ್ಥೆಗಳಲ್ಲಿ ಅಡುಗೆಯ ಅವ್ಯವಸ್ಥೆಯೂ ಒಂದು. ೧೮೫೫ರಲ್ಲಿ ಲಂಡನ್ನಿನ ಪ್ರಸಿದ್ಧ ಪಾಕಶಾಸ್ತ್ರಜ್ಞ ಅಲೆಕ್ಸಿಸ್ ಸೋಯರ್ ಅಲ್ಲಿಗೆ ಹೋಗಿ ಆಸ್ಪತ್ರೆಯ ಪಾಕಶಾಲೆಗಳನ್ನು ಸುಧಾರಿಸಿದನು. ೧೮೫೯ರಲ್ಲಿ ನೈಟಿಂಗೇಲ್ ಅವರು ಪ್ರಕಟಿಸಿದ ಶುಶ್ರೂಷಾ ಟಿಪ್ಪಣಿಗಳ ಪುಸ್ತಕದಲ್ಲಿ ಆಹಾರ ಯಾವುದು ಎಂಬುದಕ್ಕೆ ಒಂದು ಅಧ್ಯಾಯವೂ, ಅದನ್ನು ರೋಗಿಗೆ ಉಣಿಸುವುದು ಹೇಗೆ ಎಂಬುದಕ್ಕೆ ಪ್ರತ್ಯೇಕವಾದ ಇನ್ನೊಂದು ಅಧ್ಯಾಯವೂ ಇವೆ. ಆಹಾರ ಧಾರಾಳವಾಗಿರುವಲ್ಲಿಯೇ, ಅದನ್ನು ಉಣಿಸುವ ಬಗೆಯನ್ನು ಗಮನಿಸುವವರಿಲ್ಲದೆ, ಸಾವಿರಾರು ರೋಗಿಗಳು ಉಪವಾಸದಿಂದ ಸಾಯುತ್ತಾರೆಂಬುದು ಅವರ ಅಭಿಪ್ರಾಯವಾಗಿದ್ದಿತು. ಈ ಅಭಿಪ್ರಾಯಕ್ಕೆ ನಾವು ಮುಂದೆ ಮರಳಿ ಬರಬೇಕಾಗುತ್ತದೆ.

ಅಮೆರಿಕದಲ್ಲಿ ಈ ಕೆಲಸವು ಪಾಕಶಾಲೆಗಳಿಂದಲೂ ಗೃಹವಿಜ್ಞಾನದ ಚಳವಳಿಯಿಂದಲೂ ಬೆಳೆದುಬಂದಿತು. ೧೮೯೯ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಸೇರಿದ ಗೃಹವಿಜ್ಞಾನಿಗಳ ಸಮ್ಮೇಳನವು ಡಯಟಿಷಿಯನ್ ಎಂಬ ಹೆಸರಿಗೆ ಒಂದು ನಿರ್ದಿಷ್ಟವಾದ ಅರ್ಥವನ್ನು ಕೊಟ್ಟಿತು. ಮೊದಲನೆಯ ಮಹಾಯುದ್ಧದ ನಡುವೆ, ೧೯೧೭ರಲ್ಲಿ, ಲೂಲು ಗ್ರೇವ್ಸ್, ಲೆನ್ನಾ ಕೂಪರ್ ಮುಂತಾದವರು ಕ್ಲೀವ್‌ಲೆಂಡ್ ನಗರದಲ್ಲಿ ಅಮೆರಿಕದ ಪಥ್ಯಾಹಾರತಜ್ಞರ ಸಂಘವನ್ನು ಸ್ಥಾಪಿಸಿದರು. ಬ್ರಿಟನ್ನಿನಲ್ಲಿ ೧೯೨೪ರಲ್ಲಿ ಎಡಿನ್‌ಬರೋ ನಗರದ ರಾಯಲ್ ಇನ್‌ಫರ್ಮರಿಯಲ್ಲಿ ರೂತ್ ಪೈಬಸ್ ಎಂಬ ದಾದಿ ಈ ಕೆಲಸವನ್ನು ಆರಂಭಿಸಿದರು. ೧೯೩೬ರಲ್ಲಿ ಅಲ್ಲಿಯೂ ಸಂಘವು ರೂಪುಗೊಂಡಿತು. ಈ ಮೊದಲಿಗರಲ್ಲಿ ಬಹುಮಂದಿ ಮಹಿಳೆಯರು. ದಾದಿಯ ಕೆಲಸದಿಂದಲೋ ಪಾಕಶಿಕ್ಷಣದಿಂದಲೋ ಬಂದವರು. ಅಡುಗೆಮನೆಯ ಮೇಲ್ವಿಚಾರಕರೆಂಬ ಭಾವನೆ ಈ ಹುಟ್ಟಿನಿಂದ ಬಂದುದು.

ಆದರೆ ಇದೇ ಕಾಲದಲ್ಲಿ ಅವರ ಕೆಲಸದ ಸ್ವರೂಪವು ಬದಲಾಗುತ್ತಿದ್ದಿತು. ೧೯೨೨ರಲ್ಲಿ ಟೊರಾಂಟೊ ನಗರದಲ್ಲಿ ಮಧುಮೇಹದ ರೋಗಿಗೆ ಮೊದಲಬಾರಿಗೆ ಇನ್ಸುಲಿನ್ ಕೊಡಲಾಯಿತು. ಚುಚ್ಚುಮದ್ದು ಬಂದಮೇಲೆ ಪಥ್ಯದ ಕೆಲಸ ಮುಗಿಯಿತೆಂದು ಹೊರಗಿನವರು ಎಣಿಸಬಹುದು. ನಡೆದುದು ಅದಕ್ಕೆ ವಿರುದ್ಧ. ಮದ್ದಿನ ಪ್ರಮಾಣಕ್ಕೂ ಊಟದಲ್ಲಿನ ಶರ್ಕರಪಿಷ್ಟಗಳ ಪ್ರಮಾಣಕ್ಕೂ ಹೊಂದಿಕೆಯಿಲ್ಲದಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ ಇಲ್ಲವೆ ಏರುತ್ತದೆ. ಆದುದರಿಂದ ಆಹಾರವನ್ನು ತೂಗಿ ಲೆಕ್ಕಹಾಕಿ, ರೋಗಿಯು ಮನೆಗೆ ಹೋದಮೇಲೆ ತಾನೇ ಆ ಲೆಕ್ಕವನ್ನು ನಡೆಸುವಂತೆ ಕಲಿಸುವವರು ಬೇಕಾದರು. ೧೯೫೦ರ ದಶಕದ ಆದಿಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕಲ್ ಮತ್ತು ಅವರ ಸಂಗಡಿಗರು ಫಿನೈಲ್‌ಕೀಟೊನ್ಯೂರಿಯ ಎಂಬ ಜನ್ಮಜಾತ ರೋಗವಿದ್ದ ಮಗುವಿಗೆ ಫಿನೈಲ್‌ಅಲನಿನ್ ಅತ್ಯಲ್ಪವಾಗಿರುವ ಆಹಾರವನ್ನು ಸಿದ್ಧಪಡಿಸಿ ಕೊಟ್ಟು ಗುಣವನ್ನು ಕಂಡರು. ಇಲ್ಲಿ ಆಹಾರವು ಔಷಧಕ್ಕೆ ಸಹಾಯಕವಾಗಿರಲಿಲ್ಲ, ಆಹಾರವೇ ಔಷಧವಾಗಿದ್ದಿತು.

೪

ಭಾರತದಲ್ಲಿ ಪೋಷಣವಿಜ್ಞಾನವು ಬೇರೊಂದು ದಾರಿಯಿಂದ ಬಂದಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ಬೆರಿಬೆರಿ ರೋಗದ ಸಂಶೋಧನೆಯಿಂದ ಆರಂಭಿಸಿದ ಕೆಲಸವು ಪೋಷಣ ಸಂಶೋಧನಾಲಯವಾಗಿ ಬೆಳೆಯಿತು. ಭಾರತದ ವಿವಿಧ ಪ್ರಾಂತಗಳ ಆಹಾರಗಳನ್ನು ಇಲಿಗಳಿಗೆ ಉಣಿಸಿ ಅವುಗಳ ಬೆಳವಣಿಗೆಯನ್ನು ಹೋಲಿಸಿದ ಅವರ ಪ್ರಯೋಗಗಳು ಸುಪ್ರಸಿದ್ಧವಾಗಿವೆ. ಅವರ ತರುವಾಯ ಬಂದ ವ್ಯಾಲೇಸ್ ಅಯ್ಕ್ರಾಯ್ಡ್ ಅವರ ಕಾಲದಲ್ಲಿ, ೧೯೩೭ರಲ್ಲಿ, ಭಾರತೀಯ ಆಹಾರಗಳ ಪೋಷಕಮೌಲ್ಯಗಳ ಕೋಷ್ಟಕಗಳು ಪ್ರಕಟವಾದುವು. ಇದಕ್ಕೆ ಕೆಲವು ವರ್ಷಗಳ ಹಿಂದೆ ಲೂಸಿ ವಿಲ್ಸ್ ಎಂಬ ವೈದ್ಯೆಯು ಮುಂಬಯಿಯ ಬಡ ಗರ್ಭಿಣಿಯರನ್ನು ಬಾಧಿಸುತ್ತಿದ್ದ ಒಂದು ಬಗೆಯ ರಕ್ತಹೀನತೆಯು ಯೀಸ್ಟಿನ ಸಾರದಿಂದ ಗುಣವಾಗುವುದನ್ನು ತೋರಿಸಿ, ೧೯೩೧ರಲ್ಲಿ ಪ್ರಕಟಿಸಿದ್ದರು. ಕೂನೂರಿನ ಸಂಸ್ಥೆಯು ೧೯೫೮ರಲ್ಲಿ ಹೈದರಾಬಾದಿಗೆ ವರ್ಗವಾಗಿ ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು.

ಇವೆಲ್ಲವೂ ಮಹತ್ತಾದ ಸಾಧನೆಗಳು. ಆದರೆ ಇವುಗಳ ದೃಷ್ಟಿಯು ಮುಖ್ಯವಾಗಿ ಜನಸಮುದಾಯದ ಮೇಲಿದ್ದಿತು. ಬರಗಾಲ, ಬಡತನ, ಜೀವಸತ್ವಗಳ ಕೊರತೆ ಇವು ಅಂದಿನ ಸಮಸ್ಯೆಗಳಾಗಿದ್ದುದರಿಂದ ಹಾಗಾದುದು ಸಹಜವೇ. ವಾರ್ಡಿನೊಳಗಿನ ಒಬ್ಬೊಬ್ಬ ರೋಗಿಯ ಊಟವನ್ನು ವೃತ್ತಿಯಾಗಿ ಕೈಗೊಂಡವರಿಗೆ ಅಖಿಲಭಾರತ ಮಟ್ಟದ ಸಂಘವೊಂದು ದೊರೆತುದು ೧೯೬೩ರಲ್ಲಿ, ಸಿ. ಗೋಪಾಲನ್ ಅವರ ನೇತೃತ್ವದಲ್ಲಿ. ಇದರ ಪರಿಣಾಮವನ್ನು ನಮ್ಮ ಶಿಕ್ಷಣಕ್ರಮದಲ್ಲಿ ಕಾಣಬಹುದು. ವೈದ್ಯ ವಿದ್ಯಾರ್ಥಿಯು ಜೀವಸತ್ವಗಳನ್ನು ಜೀವರಸಾಯನಶಾಸ್ತ್ರದಲ್ಲಿಯೂ, ಕೊರತೆಯ ರೋಗಗಳನ್ನು ಸಮುದಾಯ ವೈದ್ಯಶಾಸ್ತ್ರದಲ್ಲಿಯೂ ಮಕ್ಕಳ ರೋಗಗಳ ವಿಭಾಗದಲ್ಲಿಯೂ ಓದುತ್ತಾನೆ. ಪೋಷಣೆಯ ವಿಷಯವನ್ನು ಅವನು ಅರಿಯನೆಂದು ಹೇಳಲಾಗದು. ಆದರೆ ವಿಷಯವನ್ನು ಅರಿಯುವುದು ಬೇರೆ, ಆ ವಿಷಯವನ್ನು ರೋಗಿಯ ತಟ್ಟೆಯವರೆಗೆ ಒಯ್ಯುವ ಸಹೋದ್ಯೋಗಿಯ ಕೆಲಸವನ್ನು ಅರಿಯುವುದು ಬೇರೆ. ಎರಡನೆಯದಕ್ಕೆ ಪಠ್ಯಪುಸ್ತಕದ ಯಾವ ಅಧ್ಯಾಯವೂ ಸಾಲದು.

೫

ಈ ಭೇದವು ಎಷ್ಟು ಗಂಭೀರವಾದುದೆಂಬುದನ್ನು ತೋರಿಸುವ ಒಂದು ಚಾರಿತ್ರಿಕ ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸೋಣ. ೧೯೪೫ರ ಏಪ್ರಿಲ್ ೧೫ರಂದು ಬ್ರಿಟಿಷ್ ಸೇನೆಯು ಜರ್ಮನಿಯ ಬರ್ಗನ್-ಬೆಲ್ಸನ್ ಸೆರೆಶಿಬಿರವನ್ನು ಬಿಡಿಸಿದಾಗ ಅಲ್ಲಿ ಸುಮಾರು ಅರುವತ್ತು ಸಾವಿರ ಬಂದಿಗಳಿದ್ದರು. ಅವರಲ್ಲಿ ಬಹುಮಂದಿ ಹಸಿವಿನಿಂದಲೂ ಟೈಫಸ್ ಜ್ವರದಿಂದಲೂ ಸಾವಿನ ಅಂಚಿನಲ್ಲಿದ್ದರು. ಸೈನಿಕರು ಕರುಣೆಯಿಂದ ತಮ್ಮಲ್ಲಿದ್ದ ಡಬ್ಬಿಯ ಮಾಂಸಾಹಾರವನ್ನು ಹಂಚಿದರು. ದೀರ್ಘಕಾಲ ಹಸಿದಿದ್ದ ದೇಹಗಳು ಆ ಜಿಡ್ಡಿನ ಆಹಾರವನ್ನು ತಾಳಲಾರದೆ ಅನೇಕರು ತೀರಿಕೊಂಡರು. ಹಸಿದ ದೇಹಕ್ಕೆ ಒಮ್ಮೆಲೇ ಆಹಾರವು ಒದಗಿದಾಗ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಮೊದಲಾದ ಲವಣಗಳು ಜೀವಕೋಶಗಳೊಳಕ್ಕೆ ಸರಿದು ಹೃದಯದ ಕ್ರಿಯೆಯೇ ಕೆಡಬಹುದೆಂಬುದನ್ನು ಇಂದು ನಾವು ಬಲ್ಲೆವು. ಸಂಸರ್ಜನಕ್ರಮವನ್ನು ವಿಧಿಸಿದವರಿಗೆ ಈ ಲವಣಗಳ ವಿಚಾರ ತಿಳಿದಿರಲಿಲ್ಲ. ಆದರೆ ಅಪಾಯವು ತಿಳಿದಿದ್ದಿತು.

ಮೇ ತಿಂಗಳ ಆದಿಯಲ್ಲಿ ಲಂಡನ್ನಿನ ಆಸ್ಪತ್ರೆಗಳಿಂದ ಸುಮಾರು ನೂರು ಮಂದಿ ವೈದ್ಯ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಅಲ್ಲಿಗೆ ಬಂದರು. ಪೋಷಣತಜ್ಞರಾದ ಡಾ. ಮೈಕಲ್‌ಜಾನ್ ಅವರ ಮಾರ್ಗದರ್ಶನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಡಿಸಲಿನ ಹೊಣೆಯನ್ನು ವಹಿಸಲಾಯಿತು. ಅವರಿಗೆ ಕೊಟ್ಟ ಮುಖ್ಯವಾದ ಆಹಾರವು ‘ಬಂಗಾಳ ಕ್ಷಾಮ ಮಿಶ್ರಣ’ವೆಂಬುದು. ೧೯೪೩ರ ಬಂಗಾಳದ ಕ್ಷಾಮದಲ್ಲಿ ಬಳಕೆಗೆ ಬಂದ, ಹಾಲಿನ ಪುಡಿ, ಹಿಟ್ಟು, ಸಕ್ಕರೆ, ಉಪ್ಪುಗಳನ್ನು ನೀರಿನಲ್ಲಿ ಕದಡಿದ ಈ ಮಿಶ್ರಣವು ಪೋಷಣೆಯ ಲೆಕ್ಕದಲ್ಲಿ ಸಮರ್ಪಕವಾಗಿದ್ದಿತು. ಆದರೆ ಶಿಬಿರದಲ್ಲಿದ್ದವರಲ್ಲಿ ಬಹುಮಂದಿ ಪೂರ್ವ ಯೂರೋಪಿನವರು, ಹುಳಿ ಉಪ್ಪಿನ ರುಚಿಗೆ ಒಗ್ಗಿದವರು. ಅತಿ ಸಿಹಿಯಾದ ಆ ದ್ರವವು ಅವರಿಗೆ ಓಕರಿಕೆಯನ್ನು ತಂದಿತು. ಹಲವರು ಅದನ್ನು ಮುಟ್ಟಲಿಲ್ಲ. ಜಾನೆಟ್ ವಾಘನ್ ಮುಂತಾದ ವಿಜ್ಞಾನಿಗಳು ಪ್ರೋಟೀನನ್ನು ಮುಂದಾಗಿಯೇ ಜೀರ್ಣಿಸಿ ಸಿದ್ಧಪಡಿಸಿದ ದ್ರಾವಣಗಳನ್ನು ತಂದಿದ್ದರು. ಕುಡಿಯಲು ಅವು ಅಸಹ್ಯವಾಗಿದ್ದುವು. ಸೂಜಿಯಿಂದ ಕೊಡಹೋದರೆ, ಸೆರೆಯಲ್ಲಿ ಕಂಡುದನ್ನು ನೆನೆದು ರೋಗಿಗಳು ಭಯದಿಂದ ಚೀರಿದರು. ಕೊನೆಗೆ ಪ್ರಯೋಜನಕ್ಕೆ ಬಂದುದು ಸ್ವಲ್ಪಸ್ವಲ್ಪವಾಗಿ, ಮತ್ತೆಮತ್ತೆ, ಬಾಯಿಗೆ ಕೊಟ್ಟ ಹಾಲೇ. ಶಿಬಿರವು ಬಿಡುಗಡೆಯಾದಮೇಲೆಯೂ ಅಲ್ಲಿ ಮಡಿದವರ ಸಂಖ್ಯೆ ಹದಿಮೂರು ಸಾವಿರಕ್ಕೂ ಮಿಕ್ಕಿದ್ದಿತು. ಇವರೆಲ್ಲರ ಸಾವಿಗೂ ಆಹಾರವೇ ಕಾರಣವೆಂದು ಹೇಳುವುದು ಅನ್ಯಾಯ; ಟೈಫಸ್ಸಿನ ಹಾವಳಿಯೂ ಬಂದಿಗಳ ಅತಿ ಶೋಚನೀಯ ಸ್ಥಿತಿಯೂ ಅದರಲ್ಲಿ ಸೇರಿದ್ದುವು.

ಆ ವಿದ್ಯಾರ್ಥಿಗಳು ಅಲ್ಲಿ ಮಾಡಿದುದು ಔಷಧಗಳ ಕೆಲಸವಷ್ಟೇ ಅಲ್ಲ. ಯಾರು ಎಷ್ಟು ಉಂಡರು, ಯಾರಿಗೆ ಏಳಲಾಗದೆ ಪಾಲು ತಪ್ಪಿಹೋಯಿತು, ಯಾರು ಏನನ್ನು ಉಗುಳಿದರು ಎಂಬುದನ್ನು ಹಾಸಿಗೆಯಿಂದ ಹಾಸಿಗೆಗೆ ಹೋಗಿ ನೋಡುವುದೇ ಅವರ ನಿತ್ಯದ ದುಡಿಮೆಯಾಯಿತು. ಪಥ್ಯಾಹಾರತಜ್ಞರ ಕೆಲಸವನ್ನು ಅವರು ತಮ್ಮ ಕೈಯಿಂದಲೇ ಮಾಡಿ ಅರಿತರು. ದೇಹಕ್ಕೆ ಹೊಂದಬೇಕು, ಮನಸ್ಸಿಗೂ ಪ್ರಿಯವಾಗಬೇಕು ಎಂಬ ಪಥ್ಯದ ಎರಡು ಲಕ್ಷಣಗಳಲ್ಲಿ ಎರಡನೆಯದನ್ನು ಬಿಟ್ಟರೆ ಮೊದಲನೆಯದೂ ನಿಷ್ಫಲವಾಗುತ್ತದೆಂಬುದಕ್ಕೆ ಇದಕ್ಕಿಂತ ಕಠಿನವಾದ ನಿದರ್ಶನವು ಬೇರೆ ಬೇಕಾಗಿಲ್ಲ.

೬

ಬೆಲ್ಸನ್ ಯುದ್ಧಕಾಲದ ಅಪವಾದವೆಂದು ಯಾರಾದರೂ ಹೇಳಬಹುದು. ಆದುದರಿಂದ ಶಾಂತಿಕಾಲದ, ಸುಸಜ್ಜಿತವಾದ ಆಸ್ಪತ್ರೆಗಳ ಕಡೆಗೆ ತಿರುಗೋಣ. ೧೯೭೪ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಅವರು ಆಸ್ಪತ್ರೆಯ ಕಪಾಟಿನಲ್ಲಿ ಅಡಗಿರುವ ಅಸ್ಥಿಪಂಜರವೆಂಬ ಅರ್ಥದ ಶೀರ್ಷಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ರೋಗಿಗಳು ಆಸ್ಪತ್ರೆಯೊಳಗೇ ಪೋಷಣೆಯಿಲ್ಲದೆ ಸೊರಗುತ್ತಿದ್ದಾರೆಂಬುದು ಅವರ ಆಪಾದನೆ. ಎತ್ತರ ತೂಕಗಳನ್ನು ಬರೆದಿಡದಿರುವುದು, ಪರೀಕ್ಷೆಗಳಿಗಾಗಿ ಊಟವನ್ನು ತಪ್ಪಿಸುವುದು, ದಿನಗಟ್ಟಲೆ ಗ್ಲೂಕೋಸ್ ನೀರಿನ ಮೇಲೆಯೇ ಇಡುವುದು, ಸಿಬ್ಬಂದಿಯನ್ನು ಮೇಲಿಂದಮೇಲೆ ಬದಲಾಯಿಸುವುದು, ಹೊಣೆಯು ಯಾರದೆಂಬುದೇ ಸ್ಪಷ್ಟವಾಗಿರದಿರುವುದು ಇವು ಅವರು ಎಣಿಸಿದ ಕಾರಣಗಳಲ್ಲಿ ಕೆಲವು. ನೈಟಿಂಗೇಲ್ ಅವರ ಪುಸ್ತಕಕ್ಕೂ ಈ ಲೇಖನಕ್ಕೂ ನೂರಹದಿನೈದು ವರ್ಷಗಳ ಅಂತರ. ದೂರು ಮಾತ್ರ ಒಂದೇ.

ಇಪ್ಪತ್ತು ವರ್ಷಗಳ ಅನಂತರ, ೧೯೯೪ರಲ್ಲಿ, ಸ್ಕಾಟ್ಲೆಂಡಿನ ಡಂಡೀ ನಗರದ ಆಸ್ಪತ್ರೆಯ ಒಂದು ಅಧ್ಯಯನವನ್ನು ಮ್ಯಾಕ್‌ವರ್ಟರ್ ಮತ್ತು ಪೆನಿಂಗ್‌ಟನ್ ಎಂಬುವರು ಪ್ರಕಟಿಸಿದರು. ಆಸ್ಪತ್ರೆಗೆ ಸೇರಿದ ೫೦೦ ರೋಗಿಗಳಲ್ಲಿ ೨೦೦ ಮಂದಿ ಸೇರುವಾಗಲೇ ನ್ಯೂನಪೋಷಿತರಾಗಿದ್ದರು. ಈ ೨೦೦ ಮಂದಿಯಲ್ಲಿ ಅರ್ಧಕ್ಕಿಂತ ಕಡಿಮೆ ಜನರ ದಾಖಲೆಗಳಲ್ಲಿ ಮಾತ್ರ ಪೋಷಣೆಯ ವಿಚಾರವಾಗಿ ಏನಾದರೂ ಬರೆದಿದ್ದಿತು. ಬಿಡುಗಡೆಯ ಸಮಯದಲ್ಲಿ ಮತ್ತೆ ಪರೀಕ್ಷಿಸಿದ ೧೧೨ ಮಂದಿಯ ತೂಕ ಸರಾಸರಿ ಶೇಕಡಾ ೫.೪ರಷ್ಟು ಇಳಿದಿದ್ದಿತು. ಆದರೆ ಪೋಷಣೆಯ ನೆರವಿಗಾಗಿ ಕಳುಹಿಸಲ್ಪಟ್ಟ ರೋಗಿಗಳ ತೂಕ ಸರಾಸರಿ ಶೇಕಡಾ ೭.೯ರಷ್ಟು ಏರಿದ್ದಿತು. ಅಂಥವರ ಸಂಖ್ಯೆ ಕೇವಲ ೧೦.

ಹತ್ತು ಮಂದಿಯಿಂದ ದೊಡ್ಡ ಸಿದ್ಧಾಂತವನ್ನು ಹೊರಡಿಸಬಾರದೆಂಬುದು ನಿಜ. ಆದರೆ ಆ ಸಂಖ್ಯೆಯು ಅಷ್ಟು ಅಲ್ಪವಾಗಿರುವುದೇ ನಮ್ಮ ವಿಚಾರಕ್ಕೆ ಮುಖ್ಯವಾದುದು. ನೆರವು ಆ ಆಸ್ಪತ್ರೆಯಲ್ಲಿಯೇ ಇದ್ದಿತು. ಅಗತ್ಯವೂ ಅಲ್ಲಿಯೇ ಇದ್ದಿತು. ಎರಡನ್ನೂ ಕೂಡಿಸಬೇಕಾಗಿದ್ದುದು ವೈದ್ಯನ ಅಥವಾ ದಾದಿಯ ಒಂದು ಮಾತು. ಆ ಮಾತು ಹೊರಡಬೇಕಾದರೆ ರೋಗಿಯು ಸೊರಗಿರುವುದನ್ನು ಅವರು ಗುರುತಿಸಬೇಕು. ಗುರುತಿಸಿದ ಬಳಿಕ ಇದಕ್ಕಾಗಿ ಕರೆಯಬೇಕಾದವರು ಇಂಥವರೆಂದು ಅವರಿಗೆ ಹೊಳೆಯಬೇಕು. ಪಥ್ಯಾಹಾರತಜ್ಞರೆಂದರೆ ಬೇಡವೆನ್ನುವವರು ಎಂದು ತಿಳಿದವನಿಗೆ ಮಧುಮೇಹದ ರೋಗಿ ಬಂದಾಗ ಅವರ ನೆನಪಾದೀತು. ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನಗಳಿಂದ ತಟ್ಟೆಯನ್ನು ಹಾಗೆಯೇ ಹಿಂದಕ್ಕೆ ಕಳುಹಿಸುತ್ತಿರುವ ಮುದುಕನನ್ನು ಕಂಡಾಗ ನೆನಪಾಗದು.

೭

ಇಷ್ಟರಿಂದ ನಾವು ತಲುಪುವ ನಿರ್ಣಯವು ಹೀಗಿದೆ. ಪ್ರಾಚೀನ ವೈದ್ಯನಲ್ಲಿ ಒಂದಾಗಿದ್ದ ಎರಡು ವಿದ್ಯೆಗಳು ಆಧುನಿಕ ಕಾಲದಲ್ಲಿ ಬೇರ್ಪಟ್ಟುವು. ವಿದ್ಯೆಗಳು ಬೆಳೆದಂತೆ ಬೇರ್ಪಡುವುದು ಅನಿವಾರ್ಯವಾಗಿದ್ದಿತು, ಅದಕ್ಕಾಗಿ ವ್ಯಥೆಪಡಬೇಕಾದುದಿಲ್ಲ. ಆದರೆ ಬೇರ್ಪಟ್ಟ ಎರಡು ವಿದ್ಯೆಗಳ ನಡುವೆ ಪರಸ್ಪರ ಪರಿಚಯವು ಅದೇ ವೇಗದಲ್ಲಿ ಬೆಳೆಯಲಿಲ್ಲ. ಬ್ರಿಟನ್ನಿನಲ್ಲಿ ೧೯೬೦ರ ಒಂದು ಶಾಸನವು ಪಥ್ಯಾಹಾರತಜ್ಞರನ್ನು ನೋಂದಣಿಗೆ ಒಳಪಟ್ಟ ವೃತ್ತಿಗಳಲ್ಲಿ ಸೇರಿಸಿತು. ಭಾರತದಲ್ಲಿ ವೈದ್ಯಕೀಯಕ್ಕೆ ಸಂಬಂಧಿಸಿದ ಇತರ ವೃತ್ತಿಗಳ ರಾಷ್ಟ್ರೀಯ ಆಯೋಗವನ್ನು ಸ್ಥಾಪಿಸಿದ ೨೦೨೧ರ ಶಾಸನವು ಪೋಷಣವಿಜ್ಞಾನದ ವೃತ್ತಿಯನ್ನೂ ತನ್ನ ಅನುಸೂಚಿಯಲ್ಲಿ ಹೆಸರಿಸಿದೆ. ಶಾಸನವು ಹೆಸರನ್ನು ಕೊಡಬಲ್ಲುದು. ವಾರ್ಡಿನಲ್ಲಿ ಸ್ಥಾನವನ್ನು ಕೊಡಬೇಕಾದುದು ಜೊತೆಯಲ್ಲಿ ದುಡಿಯುವವರ ತಿಳಿವಳಿಕೆ.

ಆ ತಿಳಿವಳಿಕೆಯು ಭಾಷಣದಿಂದ ಬರತಕ್ಕುದಲ್ಲ. ವೈದ್ಯ ವಿದ್ಯಾರ್ಥಿಯೂ ಶುಶ್ರೂಷಾ ವಿದ್ಯಾರ್ಥಿನಿಯೂ ಕೆಲವು ದಿನಗಳಾದರೂ ಪಥ್ಯಾಹಾರತಜ್ಞರ ಸಂಗಡ ವಾರ್ಡಿನಲ್ಲಿ ತಿರುಗಾಡಬೇಕು. ರೋಗಿಯ ಎತ್ತರ ತೂಕಗಳನ್ನು ತಾವೇ ಅಳೆಯಬೇಕು. ಮುದ್ದೆಯುಣ್ಣುವ ಮನೆಯಿಂದ ಬಂದವನಿಗೆ ಬ್ರೆಡ್ಡನ್ನು ಬರೆದರೆ ಅವನು ಉಣ್ಣುವನೆ ಎಂದು ವಿಚಾರಿಸಬೇಕು. ಊಟದ ವೇಳೆ ಮುಗಿದಮೇಲೆ ತಟ್ಟೆಯಲ್ಲಿ ಉಳಿದುದೆಷ್ಟೆಂದು ನೋಡಬೇಕು. ಪಥ್ಯವು ನಿಷೇಧಗಳ ಪಟ್ಟಿಯಲ್ಲ, ರೋಗಿಯು ಉಂಡು ಉಳಿಯುವ ಉಪಾಯ, ಎಂಬ ಹಳೆಯ ಅರ್ಥವು ಆಗ ಅವರಿಗೆ ತಾನಾಗಿಯೇ ಮರಳಿ ದೊರೆಯುವುದು. ಈ ದಿಕ್ಕಿನಲ್ಲಿ ನಮ್ಮ ಕಾಲೇಜುಗಳ ಅಧ್ಯಾಪಕರು ಚರಿತ್ರೆಯ ಪಾಠವನ್ನೂ ವಾರ್ಡಿನ ಪಾಠವನ್ನೂ ಜೊತೆಗೂಡಿಸುವರೆಂದು ನಾವು ಆಶಿಸುತ್ತೇವೆ.